ಮುಸುಕಿನ ಯುದ್ಧ ಓದುವವರಿಗೆ ಪುಕ್ಕಟೆ ಕಡತದ ಕಣಜ

ಪುಣೆ ವಿಶ್ವವಿದ್ಯಾಲಯದ ರಕ್ಷಣಾ ಅಧ್ಯಯನ ವಿಭಾಗದಲ್ಲಿ ಪ್ರಾಕ್ಸಿ ಯುದ್ಧದ, ಅಂದರೆ ಬೇರೆಯವರನ್ನು ಮುಂದೆ ಬಿಟ್ಟು ನಡೆಸುವ ಮುಸುಕಿನ ಯುದ್ಧದ ಮೇಲೆ ಪ್ರಬಂಧ ಬರೆಯುವ ಕನ್ನಡದ ಮಕ್ಕಳು ದುಬಾರಿ ಪುಸ್ತಕ ಕೊಳ್ಳುವ ಮೊದಲು ಅಮೆರಿಕದ ವಿದೇಶಾಂಗ ಇಲಾಖೆಯ ಇತಿಹಾಸ ಕಚೇರಿಯ ಜಾಲತಾಣ ನೋಡಲೇಬೇಕು. ಹಳೆಯ ಸರ್ಕಾರಿ ಕಾಗದಗಳನ್ನು ಅಲ್ಲಿ ಸಂಪುಟಗಳಾಗಿ ಜೋಡಿಸಿಟ್ಟಿದ್ದಾರೆ, ದುಡ್ಡು ಕೊಡಬೇಕಿಲ್ಲ.

ಇರಾನಿನಿಂದ ಶುರುಮಾಡಿ. 1953ರಲ್ಲಿ ಅಲ್ಲಿನ ಪ್ರಧಾನಿ ಮೊಸಾದ್ದೆಘ್ ಸರ್ಕಾರ ಉರುಳಿದ್ದರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕೈವಾಡವಿತ್ತೆಂಬ ಮಾತು 1989ರಲ್ಲಿ ಹೊರಬಂದ ಸಂಪುಟದಲ್ಲಿ ಇಲ್ಲವೇ ಇಲ್ಲ. ಇತಿಹಾಸಕಾರರು ಗಲಾಟೆ ಎಬ್ಬಿಸಿದರು, ಸಂಪುಟಗಳು ಮುಖ್ಯ ಸಂಗತಿ ಮುಚ್ಚಿಡಬಾರದೆಂದು 1991ರಲ್ಲಿ ಕಾನೂನು ಬಂತು, ಹೊಸ ಸಂಪುಟ ಹೊರಬರಲು ಮಾತ್ರ 2017 ಆಯಿತು. ಎರಡರಲ್ಲೂ ಸರ್ಕಾರ ಉರುಳಿದ ಆಗಸ್ಟ್ ತಿಂಗಳ ತಂತಿ ಸಂದೇಶಗಳನ್ನು ಪಕ್ಕಪಕ್ಕ ಇಟ್ಟು ಓದಿ. ಸರ್ಕಾರ ಏನನ್ನು ಬಚ್ಚಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಬರೀ 'ಕೋವರ್ಟ್' (ರಹಸ್ಯ) ಎಂದು ಹುಡುಕಿದರೆ ರಾಶಿ ಬಂದು ಬೀಳುತ್ತದೆ. ಸಿಐಎ ಕಾರ್ಯಾಚರಣೆಯ ಸಂಕೇತನಾಮ ಹಾಕಿ: ಇರಾನಿಗೆ ಟಿಪಿಎಜಾಕ್ಸ್ (TPAJAX), ಗ್ವಾಟೆಮಾಲಾಕ್ಕೆ ಪಿಬಿಸಕ್ಸೆಸ್ (PBSUCCESS). ಚೌಕ ಆವರಣದಲ್ಲಿ 'ಇಷ್ಟು ಸಾಲು ಬಿಟ್ಟಿದೆ' ಎಂದಿರುವಲ್ಲೆಲ್ಲ ಗುರುತು ಹಾಕಿಕೊಳ್ಳಿ. ಸಿಐಎಯ ಆನ್‌ಲೈನ್ ವಾಚನಾಲಯದಲ್ಲಿ ಅದೇ ಕಾಗದದ ಬೇರೆ ಪ್ರತಿ ಇದ್ದರೆ, ಬಿಟ್ಟ ಸಾಲು ಅಲ್ಲಿ ಸಿಕ್ಕರೂ ಸಿಕ್ಕೀತು.

ದೊಡ್ಡ ಕೊರತೆಯೆಂದರೆ ಇದು ಒಂದೇ ಕಡೆಯ ಕಡತ. ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆಯ ವಿರುದ್ಧ ಕಾದಾಡಿದ ಮುಜಾಹಿದೀನರಿಗೆ ಆಯುಧ ಹಂಚಿದ್ದು ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್‌ಐ. ಅದರ ದಾಖಲೆ ಇಲ್ಲಿ ಹುಡುಕಬೇಡಿ. ಹಣ ಯಾರದು, ಹಂಚಿದವರು ಯಾರು, ಕಾದಾಡಿದವರ ಗುರಿ ಏನು ಎಂಬುದನ್ನು ಪ್ರಬಂಧದಲ್ಲಿ ಬೇರೆ ಬೇರೆಯಾಗಿಯೇ ಬರೆಯಿರಿ.