ಡ್ರೈವರ್ ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್ ಆನ್ ಆಗ್ತಿಲ್ವಾ? ಯಾವ ದಾರಿ ಮೊದಲು?

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಪಿಜಿಗಳಲ್ಲಿ ಓದುವ ಮಕ್ಕಳಿಗೆ ಪ್ರಾಜೆಕ್ಟ್ ಕೊಡುವ ಹೊತ್ತಿಗೇ ಈ ತೊಂದರೆ ಬಂದರೆ ಕೈಕಾಲೇ ಆಡುವುದಿಲ್ಲ. ಗಾಬರಿ ಬೇಡ. ಡ್ರೈವರ್ ಎಂದರೆ ಲ್ಯಾಪ್‌ಟಾಪಿನ ಭಾಗಗಳನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ಸಾಫ್ಟ್‌ವೇರ್. ಫೈಲುಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ.

ವಿಂಡೋಸ್ ಶುರುವಾಗುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ರಿಪೇರಿ ಪರದೆ ತಾನಾಗಿ ಬರುತ್ತದೆ. ಅಲ್ಲಿಂದ ಮೂರು ದಾರಿ.

ನನ್ನ ಮೊದಲ ಆಯ್ಕೆ ಸೇಫ್ ಮೋಡ್. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಿ. ಇಲ್ಲಿ ತೀರಾ ಬೇಕಾದ ಡ್ರೈವರ್‌ಗಳು ಮಾತ್ರ ಲೋಡ್ ಆಗುತ್ತವೆ. ಹಾಗಾಗಿ ಕೆಟ್ಟ ಗ್ರಾಫಿಕ್ಸ್ ಡ್ರೈವರ್ ಅಡ್ಡ ಬರುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' (ಹಳೆಯ ಡ್ರೈವರ್‌ಗೆ ಮರಳುವ ಬಟನ್) ಕೊಡಿ. ಆ ಬಟನ್ ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಎಂದರ್ಥ. ಆಗ ಅನ್‌ಇನ್‌ಸ್ಟಾಲ್ ಮಾಡಿ. ಬದಲಾಗುವುದು ಆ ಒಂದೇ ಡ್ರೈವರ್, ಅದಕ್ಕೇ ಇದು ನನಗಿಷ್ಟ.

ಯಾವ ಡ್ರೈವರ್ ಕೆಟ್ಟಿದೆ ಎಂದೇ ಗೊತ್ತಿಲ್ಲದಿದ್ದರೆ ಸಿಸ್ಟಮ್ ರಿಸ್ಟೋರ್, ಅಂದರೆ ವಿಂಡೋಸ್ಅನ್ನು ಹಿಂದಿನ ಒಂದು ತಾರೀಖಿನ ಸ್ಥಿತಿಗೆ ಮರಳಿಸುವುದು, ವಾಸಿ. ಸೇಫ್ ಮೋಡ್ ಕೂಡ ತೆರೆಯದಿದ್ದಾಗಲೂ ಇದು ಕೆಲಸಕ್ಕೆ ಬರುತ್ತದೆ. ನಿಮ್ಮ ಫೋಟೊ, ದಾಖಲೆ ಮುಟ್ಟುವುದಿಲ್ಲ. ಆದರೆ ಆ ತಾರೀಖಿನ ನಂತರ ಹಾಕಿದ ಪ್ರೋಗ್ರಾಂಗಳು ಹೋಗುತ್ತವೆ. ಆ ತಾರೀಖಿನ ಸ್ಥಿತಿಯನ್ನು ಉಳಿಸಿಟ್ಟ ರಿಸ್ಟೋರ್ ಪಾಯಿಂಟ್ ಮೊದಲೇ ಇರಬೇಕು, ಅಷ್ಟೇ.

'ಕೀಪ್ ಮೈ ಫೈಲ್ಸ್' ಆರಿಸಿ ರೀಸೆಟ್ ಮಾಡುವುದು ಕೊನೆಗೆ. ನೀವು ಹಾಕಿಕೊಂಡ ಆಪ್‌ಗಳೆಲ್ಲ ಹೋಗುತ್ತವೆ.

ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ 48 ಅಂಕಿಯ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿದೆಯಾ ಎಂದು ಫೋನಿನಲ್ಲೇ ನೋಡಿ. ಅಂಗಡಿಗೆ ಕೊಟ್ಟರೂ 'ಫಾರ್ಮ್ಯಾಟ್ ಮಾಡುವ ಮುಂಚೆ ನನ್ನನ್ನು ಕೇಳಿ' ಎಂದು ಮೊದಲೇ ಹೇಳಿಬಿಡಿ.