ಹಳೆ ಕಂಪ್ಯೂಟರಿಗೆ ಹೊಸ ವೈಫೈ ಡಾಂಗಲ್ ಹಚ್ಚೋ ಮುಂಚೆ ಇದನ್ನೊಮ್ಮೆ ಓದ್ರಿ

ವಿಜಯಪುರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು, ಗೃಹಪ್ರವೇಶದ ಕಾರ್ಡು ಎಲ್ಲವೂ ಒಂದೇ ಹಳೆ ಕೋರ್ 2 ಡ್ಯುಯೋ ಡೆಸ್ಕ್‌ಟಾಪ್ ಮೇಲೆ. 64 ಬಿಟ್ ವಿಂಡೋಸ್ 7, ಕನ್ನಡ ಟೈಪಿಂಗಿಗೆ ಹಳೆ ನುಡಿ, ಪುಟ ಜೋಡಿಸಲು ಪೇಜ್‌ಮೇಕರ್ 7. ‘ಹೊಸಾದು ತಗೋರಿ’ ಅಂತ ಬುದ್ಧಿ ಹೇಳುವವರು ಬಹಳ ಮಂದಿ. ಹನ್ನೆರಡು ವರ್ಷದ ಫೈಲು ಅದರಲ್ಲಿವೆ, ನಾಳೆ ಹೊಸ ಮಷಿನ್ನಿನಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾದರೆ ಗಿರಾಕಿಗೆ ಉತ್ತರ ಕೊಡುವವನು ನಾನು.

ಸಂಕ್ರಮಣದ ಸಿದ್ಧೇಶ್ವರ ಜಾತ್ರೆ ಹತ್ತಿರ ಬಂದಿತ್ತು, ಕೈತುಂಬ ಕೆಲಸ. ಗಿರಾಕಿಗಳು ಮ್ಯಾಟರ್ ಎಲ್ಲಾ ವಾಟ್ಸಾಪಿಗೆ ಹಾಕುತ್ತಾರೆ, ಪೆನ್‌ಡ್ರೈವ್ ಹಿಡಿದು ಓಡಾಡಿ ಬೇಸತ್ತು ಒಂದು ವೈಫೈ ಡಾಂಗಲ್ (ಯುಎಸ್‌ಬಿ ತೂತಿಗೆ ಹಚ್ಚಿದರೆ ಕಂಪ್ಯೂಟರಿಗೆ ವೈಫೈ ಕೊಡುವ ಸಣ್ಣ ಕಡ್ಡಿ) ತಂದೆ. ಡಬ್ಬಿ ಮೇಲೆ ‘ವಿಂಡೋಸ್ 7’ ಅಂತ ಸ್ಪಷ್ಟವಾಗಿ ಅಚ್ಚಾಗಿತ್ತು. ಹಚ್ಚಿದೆ, ಡ್ರೈವರ್ (ಹಚ್ಚಿದ ಸಾಮಾನನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್) ಹಾಕಿದೆ. ಹಚ್ಚಿದ ಸಾಮಾನುಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ, ಅದರೊಳಗೆ ಕೋಡ್ 52: ಈ ಡ್ರೈವರಿನ ಡಿಜಿಟಲ್ ಸಹಿಯನ್ನು (ಯಾರು ಮಾಡಿದ್ದು, ನಡುವೆ ಯಾರೂ ತಿದ್ದಿಲ್ಲ ಅನ್ನೋದರ ಗುರುತು) ವಿಂಡೋಸ್ ಪರಿಶೀಲಿಸಲಾರದು.

ಇಲ್ಲಿಗೆ ನಿಲ್ಲಿಸಿ ಯಾರನ್ನಾದರೂ ಕೇಳಬೇಕಿತ್ತು. ಕೇಳಲಿಲ್ಲ. ಫೋನಿನ ನೆಟ್ಟನ್ನು ಯುಎಸ್‌ಬಿ ವೈರಿನಲ್ಲಿ ಕಂಪ್ಯೂಟರಿಗೆ ಕೊಟ್ಟು, ಹುಡುಕಿದಾಗ ಮೊದಲು ಕಂಡ ‘ಎಲ್ಲ ಡ್ರೈವರ್ ತಾನೇ ಸರಿಮಾಡುವ’ ಸಾಫ್ಟ್‌ವೇರ್ ಇಳಿಸಿಕೊಂಡೆ. ಅದು ಎರಡೇ ನಿಮಿಷದಲ್ಲಿ 23 ಡ್ರೈವರ್ ಹಳತಾಗಿವೆ ಅಂತ ಕೆಂಪು ಅಕ್ಷರದಲ್ಲಿ ಹೆದರಿಸಿತು. ಹೆದರಿದೆ. 1,499 ರೂಪಾಯಿ ಕಟ್ಟಿದೆ. ವರ್ಷ ವರ್ಷ ತಾನೇ ರೊಕ್ಕ ಕಡಿದುಕೊಳ್ಳುವ ಕರಾರು ಅದರಲ್ಲಿತ್ತು ಅನ್ನೋದು ಆಮೇಲೆ ಗೊತ್ತಾಗಿದ್ದು.

‘ಎಲ್ಲ ಸರಿಮಾಡು’ ಒತ್ತಿದೆ. ಮಷಿನ್ನು ಬಂದಾಗಿ ಚಾಲೂ ಆಯಿತು. ಪಾಸ್‌ವರ್ಡ್ ಕೇಳುವ ಪರದೆ ಬಂತು. ಕೀಬೋರ್ಡಿನ ದೀಪ ಆರಿತ್ತು. ಮೌಸಿನ ಕೆಳಗಿನ ಕೆಂಪು ಬೆಳಕೂ ಇಲ್ಲ. ಡಾಂಗಲ್ಲಿಗೂ ಅದಕ್ಕೂ ಸಂಬಂಧವೇ ಇಲ್ಲದ, ಚೆನ್ನಾಗಿ ನಡೆಯುತ್ತಿದ್ದ ಯುಎಸ್‌ಬಿ ಡ್ರೈವರನ್ನೇ ಆ ಪುಣ್ಯಾತ್ಮ ಬದಲಿಸಿಬಿಟ್ಟಿದ್ದ. ಯುಎಸ್‌ಬಿ ತೂತು ಬದಲಿಸಿ ನೋಡಿದೆ, ಬೇರೆ ಮೌಸ್ ತಂದು ನೋಡಿದೆ. ಒಳಗೆ ಲಗ್ನಪತ್ರಿಕೆ, ಹೊರಗೆ ನಾನು. ಅಷ್ಟರಲ್ಲಿ ವಧುವಿನ ಸೋದರಮಾವ ಬಂದು ಕುಂತಿದ್ದರು. ‘ಪ್ರೂಫ್ ತೋರಸ್ರಿ, ನೋಡಿ ಹೋಗ್ತೀನಿ’ ಅಂದರು. ‘ಕರೆಂಟ್ ಹೆಚ್ಚುಕಡಿಮಿ ಆಗೇತ್ರಿ’ ಅಂತ ಸುಳ್ಳು ಹೇಳಿ ಚಹಾ ತರಿಸಿದೆ.

ಪಕ್ಕದ ಮೊಬೈಲ್ ರಿಪೇರಿ ಹುಡುಗ ಮಷಿನ್ನಿನ ಬೆನ್ನು ನೋಡಿ ಅಂದ: ‘ಕಾಕಾ, ಹಿಂದ ನೇರಳೆ ಬಣ್ಣದ ದುಂಡನ ತೂತು ಐತಿ ನೋಡ್ರಿ, ಅದಕ್ಕ ಯುಎಸ್‌ಬಿ ಡ್ರೈವರ್ ಬೇಕಾಗಂಗಿಲ್ಲ.’ ಪಿಎಸ್/2 ಅಂತಾರೆ ಅದಕ್ಕೆ. ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ಗುಜರಿಯಲ್ಲಿ ಧೂಳು ತಿನ್ನುತ್ತಿದ್ದ ಕೀಬೋರ್ಡೊಂದು ನೂರು ರೂಪಾಯಿಗೆ ಸಿಕ್ಕಿತು. ಮಷಿನ್ ಪೂರ್ತಿ ಬಂದ್ ಮಾಡಿಯೇ ಅದನ್ನು ಹಚ್ಚಬೇಕು, ನಡೆಯುತ್ತಿರುವಾಗ ಅಲ್ಲ. ಒಳಗೆ ಹೋಗಿ ವಿಂಡೋಸ್ ಕೀಲಿ ಒತ್ತಿ, ಮೌಸಿಲ್ಲದೆ ಟ್ಯಾಬ್, ಎಂಟರ್, ಟ್ಯಾಬ್, ಎಂಟರ್ ಅಂತ ಸಿಸ್ಟಮ್ ರಿಸ್ಟೋರ್ ಮುಟ್ಟಿ, ವಿಂಡೋಸನ್ನು ಹಿಂದಿನ ದಿನದ ಸ್ಥಿತಿಗೆ ಮರಳಿಸಿದ ಮೇಲೆ ಮೌಸಿನ ಕೆಂಪು ಬೆಳಕು ಬಂತು. ಎಷ್ಟೋ ಮಷಿನ್ನುಗಳಲ್ಲಿ ವಿಂಡೋಸ್ ಏಳುವ ಮುಂಚೆ ಯುಎಸ್‌ಬಿ ಕೀಬೋರ್ಡೂ ನಡೆಯುತ್ತದಂತೆ, ಎಫ್8 ಒತ್ತಿ ರಿಪೇರಿಗೆ ಹೋಗಬಹುದಿತ್ತಂತೆ. ಆ ಹೊತ್ತಿಗೆ ಅದೆಲ್ಲ ಯಾರಿಗೆ ಹೊಳೆಯುತ್ತದೆ?

ಡಾಂಗಲ್ಲಿನ ನಿಜವಾದ ರೋಗ ಬೇರೆಯೇ. ಈಗಿನ ಡ್ರೈವರುಗಳಿಗೆ ಎಸ್‌ಎಚ್‌ಎ-2 ಎಂಬ ಹೊಸ ಬಗೆಯ ಸಹಿ ಹಾಕಿರುತ್ತಾರೆ. ಹಳೆ ಸಿಡಿಯಿಂದ ಹಾಕಿ ಅಪ್‌ಡೇಟ್ ಮಾಡದೆ ಬಿಟ್ಟ ವಿಂಡೋಸ್ 7ಗೆ ಆ ಸಹಿ ಓದಲು ಬರುವುದಿಲ್ಲ. 64 ಬಿಟ್‌ನಲ್ಲಿ ಸಹಿ ಗುರುತು ಸಿಗದ ಡ್ರೈವರನ್ನು ಒಳಗೆ ಬಿಡುವುದೇ ಇಲ್ಲ. ಮೊದಲು ಸರ್ವಿಸ್ ಪ್ಯಾಕ್ 1 (ವಿಂಡೋಸ್ 7ರ ದೊಡ್ಡ ಅಪ್‌ಡೇಟ್ ಕಂತೆ) ಇದೆಯೇ ನೋಡಿಕೊಳ್ಳಿ. ಆಮೇಲೆ ಮೈಕ್ರೋಸಾಫ್ಟಿನ ಅಪ್‌ಡೇಟ್ ಕೆಟಲಾಗ್ ಜಾಲತಾಣದಿಂದ 2019ರ ಎರಡು ಅಪ್‌ಡೇಟು: ಮೊದಲು ಕೆಬಿ 4490628, ನಂತರ ಕೆಬಿ 4474419. ಎರಡೂ ಪುಕ್ಕಟೆ. ಪೆನ್‌ಡ್ರೈವಿನಲ್ಲಿ ತಂದು ಹಾಕಿ, ಡಾಂಗಲ್ ಕಂಪನಿಯದೇ ಡ್ರೈವರ್ ಮತ್ತೆ ಕೂರಿಸಿದೆ. ತ್ರಿಕೋನ ಮಾಯ. ಎಫ್8ರಲ್ಲಿ ಸಹಿ ತಪಾಸಣೆ ಬಂದ್ ಮಾಡು ಅಂತ ಕೆಲವರು ಹೇಳುತ್ತಾರೆ, ಅದು ಒಂದು ಸಲ ಚಾಲೂ ಮಾಡಿದ್ದಕ್ಕೆ ಮಾತ್ರ. ಮರುದಿನ ಮತ್ತೆ ಅದೇ ರಗಳೆ.

ಇನ್ನೊಂದು. ವಿಂಡೋಸ್ 7ಗೆ ಸುರಕ್ಷತಾ ಅಪ್‌ಡೇಟು 2020ರ ಜನವರಿ 14ಕ್ಕೇ ನಿಂತಿವೆ. ಅದಕ್ಕೆ ಮ್ಯಾಟರ್ ಇಳಿಸಿಕೊಂಡ ಕೂಡಲೇ ಡಾಂಗಲ್ ಕಿತ್ತಿಡುತ್ತೇನೆ, ಬ್ಯಾಂಕಿನ ಕೆಲಸ ಆ ಮಷಿನ್ನಿನಲ್ಲಿ ಮಾಡುವುದಿಲ್ಲ. 1,499 ವಾಪಸ್ ಬಂದಿಲ್ಲ, ಬ್ಯಾಂಕಿಗೆ ಹೋಗಿ ಮುಂದಿನ ವರ್ಷದ ಕಡಿತವನ್ನಾದರೂ ನಿಲ್ಲಿಸಿ ಬಂದೆ. ಗುಜರಿಯ ಕೀಬೋರ್ಡ್ ಮಾತ್ರ ಇನ್ನೂ ಆ ನೇರಳೆ ತೂತಿನಲ್ಲೇ ಐತಿ, ಕಪಾಟಿನ ಹಿಂದೆ ನೇತಾಡುತ್ತಿದೆ.