ಪುನರ್ವಸು ಮಳೆ, ಸಿಪ್ಯಾಪ್ ಮೆಷಿನ್ನು, ಆರು ಕೆ.ಜಿ. ಬ್ಯಾಟರಿ

ಕರೆಂಟು ಹೋಗಿದ್ದು ನಮ್ಮನೇಲಿ ಮೊದಲು ಗೊತ್ತಾಗೋದು ನನ್ನ ಮೂಗಿಗೆ. ನಡುರಾತ್ರಿ ಉಸಿರಾಟದ ಮೆಷಿನ್ನಿನ ಮಾಸ್ಕಿನೊಳಗೆ ಗಾಳಿ ನಿಲ್ಲುತ್ತೆ, ಯಾರೋ ಮುಖದ ಮೇಲೆ ಕಂಬಳಿ ಒತ್ತಿದ ಹಾಗಾಗಿ ಧಡಕ್ಕನೆ ಎದ್ದು ಕೂರ್ತೀನಿ. ಮಾಸ್ಕ್ ಕಿತ್ತು ಹಾಗೇ ಮಲಗಿದರೆ ಹತ್ತೇ ನಿಮಿಷಕ್ಕೆ ಪಕ್ಕದಿಂದ, "ರೀ, ಶುರುವಾಯ್ತಲ್ರೀ ನಿಮ್ ಮರ ಕೊಯ್ಯೋ ಮಿಲ್ಲು!"

ನಮ್ಮದು ಹೊಸನಗರ ತಾಲ್ಲೂಕಿನ ಒಂಟಿ ಮನೆ. ಮೂರೆಕರೆ ಅಡಿಕೆ ತೋಟ, ಸುತ್ತ ಕಾಡು. ನಾಲ್ಕು ವರ್ಷದ ಹಿಂದೆ ಉಡುಪಿಯಿಂದ ಬರುವಾಗ ಆಗುಂಬೆ ಘಾಟಿಯ ತಿರುವಿನಲ್ಲಿ ಸ್ಟೇರಿಂಗ್ ಹಿಡಿದೇ ತೂಕಡಿಸಿದೆ. ಹೆಂಡತಿ ಕೂಗಿದ್ದಕ್ಕೆ ಬದುಕಿದ್ವಿ. ಆಮೇಲೆ ಶಿವಮೊಗ್ಗದಲ್ಲಿ ನಿದ್ದೆ ಪರೀಕ್ಷೆ ಮಾಡಿಸಿದರೆ, ಗಂಟೆಗೆ 41 ಸಲ ಉಸಿರು ನಿಲ್ಲುತ್ತೆ ಇಲ್ಲಾ ಕಮ್ಮಿ ಆಗುತ್ತೆ ಅಂತ ಬಂತು. ಸ್ಲೀಪ್ ಆಪ್ನಿಯಾ ಅನ್ನೋ ಈ ಕಾಯಿಲೆ 30 ದಾಟಿದರೆ ತೀವ್ರ ಅಂತ ಲೆಕ್ಕ. ಡಾಕ್ಟರು ಗಾಳಿಯ ಪ್ರೆಷರ್ 11 (ಸೆಂ.ಮೀ. ನೀರಿನ ಅಳತೆ) ಅಂತ ಬರೆದು ಸಿಪ್ಯಾಪ್ ಕೊಟ್ಟರು. ಅದು ಮೂಗಿನಿಂದ ಗಾಳಿ ಒತ್ತಿ ಗಂಟಲು ಮುಚ್ಚಿಕೊಳ್ಳದ ಹಾಗೆ ನೋಡ್ಕೊಳ್ಳುತ್ತೆ, ಅಷ್ಟೇ. ಆದರೆ ಒಂದು ರಾತ್ರಿ ತಪ್ಪಿದರೂ ಮಾರನೇ ದಿನ ನಾನು ಮನುಷ್ಯ ಅಲ್ಲ.

ಮನೇಲಿ ಇನ್ವರ್ಟರ್ ಇಲ್ವಾ ಅಂತ ಕೇಳ್ತೀರಿ. ಇದೆ, 150 ಎ.ಎಚ್. ಬ್ಯಾಟರಿಯದ್ದು. ಆದರೆ ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದರೆ ನಮ್ಮ ಕಡೆ ಕರೆಂಟು ಬರೋಕೆ ಎರಡು ದಿನ, ಮೂರು ದಿನ. ಅಷ್ಟರಲ್ಲಿ ದೀಪ, ಟಿ.ವಿ., ಎಲ್ಲರ ಮೊಬೈಲು ಸೇರಿ ಅದನ್ನ ಹಿಂಡಿ ಹಾಕಿರ್ತಾವೆ. ಮೇಲಾಗಿ ಅದು ಹಳೇ ಸ್ಕ್ವೇರ್ ವೇವ್ ಇನ್ವರ್ಟರು, ಅಂದರೆ ಮನೆ ಕರೆಂಟಿನ ಹಾಗೆ ನಯವಾದ ಅಲೆಯಲ್ಲ, ಚೌಕ ಅಲೆಯ ಕರೆಂಟು ಕೊಡೋದು. ಸಿಪ್ಯಾಪಿನ ಅಡಾಪ್ಟರ್ ಅದಕ್ಕೆ ಚುಚ್ಚಿದರೆ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತೆ, ಮುಟ್ಟಿದರೆ ಬಿಸಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್ ಅಂತ ಶಾಲೇಲಿ ಬಾಯಿಪಾಠ ಮಾಡಿದ ನಾನು, ಅದೇ ಸೀಮೆಯಲ್ಲಿ ಮಲಗಿ ಹತ್ತು ವಾಟ್‌ಗೆ ಪರದಾಡ್ತಿದ್ದೆ. ದೀಪದ ಬುಡ ಕತ್ತಲು.

ಹಾಗಾಗಿ ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಪೋರ್ಟಬಲ್ ಪವರ್ ಸ್ಟೇಷನ್, ಅಂದರೆ ಸಾಕೆಟ್ಟುಗಳಿರೋ, ಹೊತ್ತೊಯ್ಯೋ ದೊಡ್ಡ ಬ್ಯಾಟರಿ, ತರಿಸಿದೆ. ಕಂಪನಿ ಹೆಸರು ಬರೆಯೋದಿಲ್ಲ, ಅವರ ಸರ್ವಿಸ್‌ನವರ ಜೊತೆ ಜಗಳ ಇನ್ನೂ ಹರಿದಿಲ್ಲ. ಕೊರಿಯರ್‌ನವರು ನಮ್ಮೂರಿಗೆ ಬರಲ್ಲ, ರಿಪ್ಪನ್‌ಪೇಟೆಗೆ ಹೋಗಿ ತಂದೆ. ಟಿಫನ್ ಕ್ಯಾರಿಯರ್‌ಗಿಂತ ದೊಡ್ಡದು, ಹಾಲಿನ ಕ್ಯಾನಿಗಿಂತ ಚಿಕ್ಕದು, ಆರು ಕೆ.ಜಿ. ತೂಕ, ಮೇಲೆ ಹಿಡಿ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 1,40,000 ಎಂ.ಎ.ಎಚ್. ಅಂತ ಬರೆದಿದ್ದಾರೆ. ಆ ಸೊನ್ನೆಗಳಿಗೆ ಬೆರಗಾಗಬೇಡಿ. ಅದನ್ನ ಒಳಗಿನ ಸೆಲ್ಲಿನ 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 518 ವಾಟ್-ಅವರ್ (ಒಂದು ವಾಟ್‌ನಂತೆ ಒಂದು ಗಂಟೆ ಎಳೆದರೆ ಖರ್ಚಾಗೋದು ಒಂದು ವಾಟ್-ಅವರ್). ನಮಗೆ ಬೇಕಾದ ಸಂಖ್ಯೆ ಇದೊಂದೇ.

ಮೂರು ಥರ ಮಲಗಿ ನೋಡಿದೆ. ಪ್ರತಿ ಸಲ ಪೂರ್ತಿ ಚಾರ್ಜ್ ಮಾಡಿ, ರಾತ್ರಿ ಹತ್ತೂವರೆಯಿಂದ ಬೆಳಿಗ್ಗೆ ಐದೂವರೆ, ಏಳು ಗಂಟೆ. ಮೊದಲ ರಾತ್ರಿ ಎಂದಿನ ಹಾಗೇ, ಗಾಳಿಗೆ ತೇವ ಬೆರೆಸಲು ನೀರು ಬಿಸಿ ಮಾಡೋ ಹ್ಯುಮಿಡಿಫೈಯರ್ ಹಾಕಿ, ಬಿಸಿ ಟ್ಯೂಬೂ ಹಾಕಿ, ಬ್ಯಾಟರಿಯ ಎ.ಸಿ. (ಮನೆ ಕರೆಂಟಿನ ಥರದ) ಸಾಕೆಟ್ಟಿಗೆ ಚುಚ್ಚಿದೆ. ಬೆಳಿಗ್ಗೆ ನೋಡಿದರೆ 26 ಪರ್ಸೆಂಟ್ ಉಳಿದಿತ್ತು. ಇಷ್ಟು ದುಡ್ಡು ಕೊಟ್ಟು ಒಂದೇ ರಾತ್ರಿಯಾ ಅಂತ ಹೊಟ್ಟೆ ಉರಿಯಿತು. ಎರಡನೇ ಸಲ ಹ್ಯುಮಿಡಿಫೈಯರ್, ಬಿಸಿ ಟ್ಯೂಬ್ ಎರಡೂ ಬಂದ್ ಮಾಡಿದೆ. 73 ಉಳೀತು! ಅಂದರೆ ತಿನ್ನುತ್ತಿದ್ದದ್ದು ಗಾಳಿಯ ಮೋಟರಲ್ಲ, ನೀರು ಕಾಯಿಸೋ ತಟ್ಟೆ. ಬಚ್ಚಲ ಒಲೆಗೆ ಎಷ್ಟು ಸೌದೆ ಬೇಕು ಅಂತ ಗೊತ್ತಿದ್ದವನಿಗೆ ಇದು ಮೊದಲೇ ಹೊಳೀಬೇಕಿತ್ತು.

ಮೂರನೇ ಸಲಕ್ಕೆ ಹ್ಯುಮಿಡಿಫೈಯರ್, ಬಿಸಿ ಟ್ಯೂಬ್ ಬಂದ್ ಇಟ್ಟುಕೊಂಡೇ ಎ.ಸಿ.ಯನ್ನೂ ಬಿಟ್ಟೆ. ಯೋಚನೆ ಮಾಡಿ: ಬ್ಯಾಟರಿಯೊಳಗೆ ಇರೋದು ಡಿ.ಸಿ. (ಒಂದೇ ದಿಕ್ಕಿಗೆ ಹರಿಯೋ ಕರೆಂಟು), ಅದನ್ನ 230 ವೋಲ್ಟ್ ಎ.ಸಿ. ಮಾಡಿ, ಮೆಷಿನ್ನಿನ ಅಡಾಪ್ಟರು ಅದನ್ನ ಮತ್ತೆ 24 ವೋಲ್ಟ್ ಡಿ.ಸಿ.ಗೆ ಇಳಿಸುತ್ತೆ. ಎರಡು ಕಡೆಯೂ ದಲ್ಲಾಳಿ ಕಮಿಷನ್ನು. ಅದರ ಬದಲು ಕಾರಿನ ಲೈಟರ್ ಸಾಕೆಟ್ಟಿಗೆ ಹಾಕುವ ಡಿ.ಸಿ. ಕೇಬಲ್ ಬರುತ್ತೆ, 12 ವೋಲ್ಟನ್ನ ನೇರ 24ಕ್ಕೆ ಏರಿಸುತ್ತೆ. ಏಳು ಸಾವಿರ ಚಿಲ್ಲರೆ ಬಿತ್ತು. ಒಂದು ವೈರಿಗೆ ಏಳು ಸಾವಿರವಾ ಮಾರಾಯ್ರೆ ಅಂತ ಅಂಗಡಿಯವರನ್ನೇ ಕೇಳಿದೆ. ಆದರೆ ಬೆಳಿಗ್ಗೆ 85 ಉಳಿದಿದ್ದು ನೋಡಿ ಬಾಯಿ ಮುಚ್ಚಿಕೊಂಡೆ. ರಾತ್ರಿಗೆ 15 ಅಂದರೆ ಆರು ರಾತ್ರಿಯ ಲೆಕ್ಕ, ನಾನು ಐದು ಅಂತಲೇ ಹಿಡೀತೀನಿ. ಕೇಬಲ್ ಕೊಳ್ಳುವ ಮುಂಚೆ ನಿಮ್ಮ ಅಡಾಪ್ಟರಿನ ಮೇಲೆ ಏನು ಬರೆದಿದೆ ನೋಡಿ. ನನ್ನದು 24 ವೋಲ್ಟ್, ಕೆಲವು ಮೆಷಿನ್ನು 12 ವೋಲ್ಟಿನವು. ಪಿನ್ನು ಕೂಡುತ್ತೆ ಅಂತ ಒಂದರದ್ದು ಇನ್ನೊಂದಕ್ಕೆ ಹಾಕಬೇಡಿ.

ಹ್ಯುಮಿಡಿಫೈಯರ್ ಇಲ್ಲದೆ ಮೂಗು ಒಣಗಲ್ವಾ? ಮಾಗಿಯಲ್ಲಿ ಒಣಗುತ್ತೆ, ಬೆಳಿಗ್ಗೆ ಗಂಟಲು ಉಪ್ಪುಕಾಗದ. ಆದರೆ ನಮ್ಮಲ್ಲಿ ಕರೆಂಟು ಕೈಕೊಡೋದು ಮಳೆಗಾಲದಲ್ಲಿ. ಪುನರ್ವಸು ಮಳೆ ಹಿಡಿದಾಗ ಪೆಟ್ಟಿಗೆಯೊಳಗಿನ ಪಂಚೆಗೂ ಬೂಷ್ಟು ಬರುತ್ತೆ, ಬೆಂಕಿಪೊಟ್ಟಣ ಗೀರಿದರೆ ಹತ್ತಲ್ಲ. ಆ ಗಾಳಿಗೆ ಇನ್ನೂ ನೀರು ಬೆರೆಸೋದು ಯಾಕೆ? ಹಿಂದೆ ಹ್ಯುಮಿಡಿಫೈಯರ್ ಹಾಕಿ, ಟ್ಯೂಬ್ ಮಾತ್ರ ತಣ್ಣಗಿದ್ದಾಗ ಅದರೊಳಗೆ ಹನಿಗಟ್ಟಿ, ನಡುರಾತ್ರಿ ಮೂಗಿಗೇ ಸುರಿದಿತ್ತು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟಿದ್ದರೂ ನೀರಿನ ಡಬ್ಬ ಖಾಲಿ.

ಇನ್ನು ಜಗಳದ ವಿಷಯ. 85 ಉಳಿದ ಆ ರಾತ್ರಿಗೂ ಮುಂಚೆ, ಡಿ.ಸಿ. ಕೇಬಲ್ ಹಾಕಿ ಮಲಗಿದ ಮೊಟ್ಟಮೊದಲ ರಾತ್ರಿ ಎರಡು ಗಂಟೆಗೆ ಬ್ಯಾಟರಿ ತಾನೇ ಆಫ್ ಆಗಿಬಿಟ್ಟಿತ್ತು. ಚಾರ್ಜ್ 90ರ ಮೇಲಿತ್ತು! ಇದಕ್ಕೆ ಇಕೋ ಮೋಡ್ ಅಂತ ಒಂದು ಬುದ್ಧಿ ಕಲಿಸಿದ್ದಾರೆ, ಕಡಿಮೆ ಕರೆಂಟು ಎಳೆದರೆ ಯಾರೂ ಬಳಸ್ತಿಲ್ಲ ಅಂತ ತಿಳಿದು ತಾನೇ ಮಲಗುತ್ತೆ. ಉಸಿರಾಟದ ಮೆಷಿನ್ನಿಗೆ ಇಂಥ ಉಳಿತಾಯ ಯಾರಿಗೆ ಬೇಕು? ಪುಸ್ತಕದಲ್ಲಿ ಅದರ ಬಗ್ಗೆ ಒಂದೂವರೆ ಸಾಲು. ಫೋನ್ ಮಾಡಿದರೆ "ಸರ್, ಅದು ಫೀಚರ್ರು" ಅಂದರು. ಬಟನ್ ಒತ್ತಿ ಹಿಡಿದು ಬಂದ್ ಮಾಡಬಹುದು ಅಂತ ಕೊನೆಗೆ ಕಂಡುಹಿಡಿದವನು ಅಳಿಯ. ಹೊಸದಾಗಿ ತಂದವರು ಕರೆಂಟಿರುವ ದಿನವೇ ಒಂದು ರಾತ್ರಿ ಪೂರ್ತಿ ಬ್ಯಾಟರಿಯಲ್ಲಿ ಮಲಗಿ ನೋಡಿ, ಮಳೆ ಬರುವ ತನಕ ಕಾಯಬೇಡಿ.

ಚಾರ್ಜಿಗೆ ಸೋಲಾರ್ ಪ್ಲೇಟ್ ಬೇಡವೇ ಬೇಡ. ನೂರು ವಾಟಿನದ್ದು ಅಂತ ಪಕ್ಕದ ಮನೆಯವರದ್ದು ಎರವಲು ತಂದು ಅಂಗಳದಲ್ಲಿಟ್ಟೆ. ಜುಲೈ ಮೋಡದಲ್ಲಿ ಹನ್ನೊಂದು ವಾಟ್ ದಾಟಲಿಲ್ಲ. ಔಷಧಿ, ಕೂಲಿ, ಮಂಡಿ ಅಂತ ಪೇಟೆಗೆ ಹೋದಾಗ ಜೀಪಿನ ಸಾಕೆಟ್ಟಿಗೆ ಹಾಕಿಕೊಂಡು ಹೋಗೋದೇ ವಾಸಿ. ತೀರ್ಥಹಳ್ಳಿಗೆ ಹೋಗಿ ಬರೋದರೊಳಗೆ ಒಂದೆರಡು ರಾತ್ರಿಯ ಊಟ ಆಗಿರುತ್ತೆ ಅದಕ್ಕೆ.

ವಿಮಾನಕ್ಕೆ ಮಾತ್ರ ಇದು ನಡೆಯಲ್ಲ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ 2023ರಲ್ಲಿ ಶುರುವಾದ ಮೇಲೆ ನಮ್ಮವರಿಗೂ ಹಾರೋ ಹುಚ್ಚು. ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, 100 ವಾಟ್-ಅವರ್ ಒಳಗಿನದಕ್ಕೆ ಅಡ್ಡಿಯಿಲ್ಲ, 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದರ ಮೇಲೆ ಬಿಡೋದೇ ಇಲ್ಲ. ಮಗಳ ಮನೆಗೆ ಹೋದಾಗ ನಾನು ಮೆಷಿನ್ ಮಾತ್ರ ಒಯ್ದೆ.

ಊರಲ್ಲೊಬ್ಬರು ತಮ್ಮ ತಾಯಿಯ ಆಕ್ಸಿಜನ್ ಮೆಷಿನ್ನಿಗೆ ಇದನ್ನೇ ತರಲಾ ಅಂತ ಕೇಳಿದರು. ಬೇಡ ಅಂದೆ. ನಿಮಿಷಕ್ಕೆ ಐದು ಲೀಟರ್ ಕೊಡೋ ಆ ಮೆಷಿನ್ನು (ಕಾನ್ಸಂಟ್ರೇಟರ್) ಮುನ್ನೂರು ವಾಟ್ ಮೇಲೇ ಎಳೆಯುತ್ತೆ. ಇದು ಒಂದು, ಒಂದೂವರೆ ಗಂಟೆಗೆ ಖಾಲಿ. ಅವರಿಗೆ ಸಿಲಿಂಡರೇ ಗತಿ.

ಒಂದು ವರ್ಷದಲ್ಲಿ ಇನ್ನೊಂದು ತಕರಾರು ಹುಟ್ಟಿದೆ. ಡಿ.ಸಿ. ಸಾಕೆಟ್ ಸಡಿಲ ಆಗಿದೆ, ಮಗ್ಗುಲು ಬದಲಿಸಿ ಟ್ಯೂಬ್ ಎಳೆದರೆ ಪಿನ್ನು ಜಾರುತ್ತೆ. ಬ್ಯಾಟರಿಯನ್ನ ಪ್ಯಾಕ್ ಮಾಡಿ ಬೆಂಗಳೂರಿಗೆ ಕಳಿಸಿ ಅಂತಾರೆ, ಇಪ್ಪತ್ತು ದಿನ ಬೇಕಂತೆ. ಮಳೆಗಾಲ ಕಳೀಲಿ ಅಂತ ಇದೀನಿ. ಸದ್ಯಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಬಿಗಿದಿದ್ದೀನಿ, ಅಲ್ಲಾಡ್ತಿಲ್ಲ.